ಇಡಿಗಂಟೋ, ಬಿಡಿ ಲೆಕ್ಕವೋ?

(ಬಳ್ಳಾರಿಯಲ್ಲಿ ಮಾಡಿದ ಒಂದು ಉಪನ್ಯಾಸದ ಬರಹರೂಪ)



ಈ ದಿನದ ವಿಷಯವನ್ನು ಕೇಳಿ ನಿಮ್ಮಲ್ಲಿ ಕೆಲವರು ನಕ್ಕಿರಬಹುದು. ಕಡಲಿನಿಂದ ಸುಮಾರು ಮುನ್ನೂರು ಕಿಲೋಮೀಟರು ಒಳಗಿರುವ, ಬಿಸಿಲಿಗೆ ಹೆಸರಾದ ನಮ್ಮ ಊರಿನಲ್ಲಿ ಕುಳಿತು, ವಿಹಾರದ ಹಡಗಿನಲ್ಲಿ ಕುಡಿಯುವ ಪಾನೀಯಕ್ಕೆ ಮೊದಲೇ ದುಡ್ಡು ಕಟ್ಟಬೇಕೋ ಬೇಡವೋ ಎಂದು ವಿಚಾರ ಮಾಡುವುದು ವಿಚಿತ್ರವಾಗಿ ಕಾಣುತ್ತದೆ. ಆದರೆ ಕಾಲ ಬದಲಾಗಿದೆ. ಸಿರುಗುಪ್ಪದ ಅಕ್ಕಿ ಗಿರಣಿಯವರು, ನಮ್ಮೂರಿನ ಜೀನ್ಸ್ ವ್ಯಾಪಾರದವರು, ನಿವೃತ್ತರಾದ ಮೇಷ್ಟ್ರುಗಳು ಮುಂಬಯಿಗೆ ಹೋಗಿ ಹಡಗು ಹತ್ತುವುದು ಈಗ ಅಪರೂಪವಲ್ಲ. ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಮಕ್ಕಳು ತಂದೆ ತಾಯಿಗೆ ಟಿಕೆಟ್ ಮಾಡಿಸಿ ಕಳುಹಿಸುವುದೂ ಉಂಟು. ಟಿಕೆಟ್ ಮಾಡಿಸುವಾಗ ಕೊನೆಗೆ ಬರುವ ಪ್ರಶ್ನೆ ಇದೇ: 'ಡ್ರಿಂಕ್ಸ್ ಪ್ಯಾಕೇಜ್ ಬೇಕೆ?'

ಈ ಪ್ರಶ್ನೆ ಹೊಸದೆಂದು ನಮಗೆ ಅನಿಸಿದರೂ ಇದರ ಒಳಗಿರುವ ಲೆಕ್ಕ ನಮ್ಮ ಸೀಮೆಗೆ ಬಹಳ ಹಳೆಯದು. ಕನ್ನಡದಲ್ಲಿ ಇದಕ್ಕೆ ಎರಡು ಒಳ್ಳೆಯ ಮಾತುಗಳಿವೆ. ಒಂದು, ಇಡಿಗಂಟು, ಅಂದರೆ ಒಟ್ಟು ಮೊತ್ತವನ್ನು ಒಂದೇ ಸಲ ಕೊಟ್ಟು ಮುಗಿಸುವುದು. ಇನ್ನೊಂದು, ಬಿಡಿ ಲೆಕ್ಕ. ಬಳಸಿದಷ್ಟಕ್ಕೆ ಆಗಾಗ ಕೊಡುತ್ತ ಹೋಗುವುದು. ಖಾನಾವಳಿಯ ಊಟದಿಂದ ಹಿಡಿದು ಕಾಲುವೆಯ ನೀರಿನವರೆಗೆ ನಾವು ಇವೆರಡರ ನಡುವೆ ಆರಿಸುತ್ತಲೇ ಬಂದಿದ್ದೇವೆ. ಆದ್ದರಿಂದ ಹಡಗಿನ ಲೆಕ್ಕವನ್ನು ಮೊದಲು ನೋಡಿ, ಆಮೇಲೆ ನಮ್ಮೂರಿನ ಅನುಭವದ ಒರೆಗಲ್ಲಿಗೆ ಹಚ್ಚಿ ನೋಡೋಣ.

ಹಡಗಿನ ಕಟ್ಟಳೆಗಳು

ಭಾರತದಿಂದಲೇ ಹೊರಡುವ ವಿಹಾರ ನೌಕೆಗಳಲ್ಲಿ ನಮ್ಮವರಿಗೆ ಹೆಚ್ಚು ಪರಿಚಯವಾದದ್ದು ಕಾರ್ಡೇಲಿಯಾ ಕಂಪನಿಯದು. 2021ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಅದರ ಪ್ರಯಾಣಗಳು ಶುರುವಾದವು. ಅದರ 'ಎಂಪ್ರೆಸ್' ಹಡಗು 1990ರಲ್ಲಿ ಬೇರೊಂದು ಕಂಪನಿಯ ಕೈಯಲ್ಲಿ ಸೇವೆ ಆರಂಭಿಸಿದ್ದು. ಗೋವಾ, ಲಕ್ಷದ್ವೀಪ ಮೊದಲಾದ ಕಡೆಗೆ ಎರಡು ಮೂರು ರಾತ್ರಿಗಳಿಂದ ಐದಾರು ರಾತ್ರಿಗಳವರೆಗಿನ ಪ್ರಯಾಣಗಳು ಇರುತ್ತವೆ. ಸಿಂಗಪುರಕ್ಕೋ ಅಮೆರಿಕಕ್ಕೋ ಹೋದವರು ಅಲ್ಲಿಯ ಇನ್ನೂ ದೊಡ್ಡ ಹಡಗುಗಳನ್ನು ಹತ್ತುತ್ತಾರೆ.

ಹಡಗು ಯಾವುದೇ ಇರಲಿ, ವ್ಯಾಪಾರದ ರೀತಿ ಹೆಚ್ಚು ಕಡಿಮೆ ಒಂದೇ. ಟಿಕೆಟ್ಟಿನ ದುಡ್ಡಿನಲ್ಲಿ ಕೋಣೆ, ಊಟ ತಿಂಡಿ, ಆಟ ನೋಟಗಳು ಸೇರಿರುತ್ತವೆ. ಊಟದ ಸಾಲೆಯಲ್ಲಿ ಸಿಗುವ ನೀರು, ಚಹಾ, ಸಾಮಾನ್ಯ ಕಾಫಿಗೆ ಸಾಧಾರಣವಾಗಿ ಬೇರೆ ಹಣವಿಲ್ಲ. ಮದ್ಯ, ಸೋಡಾ, ಕೋಲಾದಂಥ ತಂಪು ಪಾನೀಯ, ಬಾಟಲಿ ನೀರು, ನೊರೆ ಬರಿಸಿ ಕೊಡುವ ವಿಶೇಷ ಕಾಫಿ, ಇವಕ್ಕೆ ಬೇರೆ ಬೆಲೆ. ಹೊರಗಿನಿಂದ ಮದ್ಯ ತರುವುದಕ್ಕೆ ನಿರ್ಬಂಧ ಇದ್ದೇ ಇರುತ್ತದೆ. ನಡುಗಡಲಿನಲ್ಲಿ ಎದುರಿಗೆ ಇನ್ನೊಂದು ಅಂಗಡಿ ಇರುವುದಿಲ್ಲವಾದ್ದರಿಂದ ಬೆಲೆ ದುಬಾರಿ. ಆಗ ಬರುತ್ತದೆ ಪ್ಯಾಕೇಜ್: ದಿನಕ್ಕೆ ಇಷ್ಟು ಕೊಡಿ, ಎಷ್ಟು ಬೇಕಾದರೂ ಕುಡಿಯಿರಿ.

'ಎಷ್ಟು ಬೇಕಾದರೂ' ಎಂಬ ಮಾತಿನ ಹಿಂದೆ ನಾಲ್ಕಾರು ಕಟ್ಟಳೆಗಳು ಇರುತ್ತವೆ. ಮೊದಲನೆಯದು, ಪ್ರಯಾಣದ ಎಲ್ಲ ದಿನಗಳಿಗೂ ಕೊಳ್ಳಬೇಕು. ನಿನ್ನೆ ಬೇಕಿತ್ತು, ಇಂದು ಬೇಡ ಎನ್ನುವಂತಿಲ್ಲ. ಎರಡನೆಯದು, ಹಲವು ದೊಡ್ಡ ಕಂಪನಿಗಳಲ್ಲಿ ಒಂದೇ ಕೋಣೆಯ ಒಬ್ಬರು ಮದ್ಯದ ಪ್ಯಾಕೇಜ್ ಕೊಂಡರೆ ಆ ಕೋಣೆಯ ಉಳಿದ ವಯಸ್ಕರೂ ಕೊಳ್ಳಲೇಬೇಕು. ಗಂಡನ ಹೆಸರಿನಲ್ಲಿ ತೆಗೆದುಕೊಂಡು ನಾಲ್ಕು ಜನ ಹಂಚಿ ಕುಡಿಯಬಾರದೆಂದು ಈ ಏರ್ಪಾಡು. ಮೂರನೆಯದು, ಒಂದು ಲೋಟದ ಬೆಲೆಗೆ ಮಿತಿ ಇರುತ್ತದೆ; ಅದಕ್ಕಿಂತ ದುಬಾರಿ ಸರಕು ಬೇಕಾದರೆ ಮೇಲಿನ ಹಣ ಕೊಡಬೇಕು. ನಾಲ್ಕನೆಯದು, ಕೆಲವು ಕಡೆ ಲೋಟಗಳ ಎಣಿಕೆಗೂ ಮಿತಿ ಉಂಟು. ಅಮೆರಿಕದ ಕಾರ್ನಿವಲ್ ಕಂಪನಿಯ ಮದ್ಯದ ಪ್ಯಾಕೇಜಿನಲ್ಲಿ ಇಪ್ಪತ್ನಾಲ್ಕು ಗಂಟೆಗೆ ಹದಿನೈದು ಲೋಟದ ಗಡಿ ಇದೆ. ಐದನೆಯದು, ಅಮೆರಿಕದ ದೊಡ್ಡ ಹಡಗುಗಳಲ್ಲಿ ಹೇಳಿದ ಬೆಲೆಯ ಮೇಲೆ ನೂರಕ್ಕೆ 18ರಿಂದ 20ರಷ್ಟು ಸೇವಾ ಶುಲ್ಕ ಕೂಡುತ್ತದೆ. ಬೇರೆ ಕಡೆಯೂ ಶುಲ್ಕ, ತೆರಿಗೆ ಎಷ್ಟೆಂದು ಕೇಳಿಕೊಳ್ಳಬೇಕು. ಅಲ್ಲಿ ಬೆಲೆಯೂ ಡಾಲರಿನಲ್ಲಿ. ಈ ಕಟ್ಟಳೆಗಳು ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ ದುಡ್ಡು ಕಟ್ಟುವ ಮೊದಲು ನಿಯಮಗಳ ಹಾಳೆಯನ್ನು ಪೂರ್ತಿ ಓದುವುದು ಒಳ್ಳೆಯದು.

ಗುಣಾಕಾರ, ಭಾಗಾಕಾರ

ಈಗ ಲೆಕ್ಕಕ್ಕೆ ಬರೋಣ. ಇಲ್ಲಿ ನಾನು ಹೇಳುವ ಬೆಲೆಗಳು ಯಾವ ಕಂಪನಿಯವೂ ಅಲ್ಲ. ಲೆಕ್ಕ ಮಾಡಲು ಸುಲಭವಾಗಲೆಂದು ಇಟ್ಟುಕೊಂಡವು. ಒಬ್ಬರಿಗೆ ದಿನಕ್ಕೆ ಪ್ಯಾಕೇಜಿನ ಬೆಲೆ 3,000 ರೂಪಾಯಿ ಎನ್ನಿ. ನೂರಕ್ಕೆ 20 ಸೇವಾ ಶುಲ್ಕ ಸೇರಿ 3,600. ಒಂದು ಲೋಟಕ್ಕೆ ಬಿಡಿಯಾಗಿ 600 ರೂಪಾಯಿ, ಶುಲ್ಕ ಸೇರಿ 720. ಭಾಗಿಸಿದರೆ ಐದು. ಅಂದರೆ ದಿನಕ್ಕೆ ಐದು ಲೋಟ ಕುಡಿದರೆ ಎರಡೂ ಸಮ. ಆರನೆಯ ಲೋಟದಿಂದ ಪ್ಯಾಕೇಜ್ ಲಾಭ. ನಾಲ್ಕಕ್ಕೆ ನಿಂತರೆ ಬಿಡಿಯೇ ಲಾಭ. ಇದನ್ನು ಸಮತೋಲದ ಎಣಿಕೆ ಎನ್ನಬಹುದು.

ಮೂರು ದಿನಕ್ಕೆ ಒಬ್ಬರ ಪ್ಯಾಕೇಜ್ 10,800 ರೂಪಾಯಿ. ದಿನಕ್ಕೆ ಮೂರು ಲೋಟ ಸಾಕೆನ್ನುವವರು ಬಿಡಿಯಾಗಿ ಕೊಟ್ಟರೆ 6,480ರಲ್ಲಿ ಮುಗಿಯುತ್ತದೆ. ಪ್ಯಾಕೇಜ್ ಕೊಂಡರೆ ಅವರಿಗೆ 4,320 ರೂಪಾಯಿ ನಷ್ಟ. ದಿನಕ್ಕೆ ಆರು ಲೋಟದವರಿಗೆ ಬಿಡಿ ಲೆಕ್ಕ 12,960 ಆಗುತ್ತದೆ. ಅವರಿಗೆ ಪ್ಯಾಕೇಜಿನಿಂದ 2,160 ಉಳಿತಾಯ.

ಇನ್ನು ಗಂಡ ಹೆಂಡತಿ ಇಬ್ಬರ ಲೆಕ್ಕ. ಗಂಡ ದಿನಕ್ಕೆ ಆರು ಲೋಟ ಕುಡಿಯುವವನು. ಹೆಂಡತಿ ಒಂದು ಹಣ್ಣಿನ ರಸ ಕುಡಿದು ಸಾಕೆನ್ನುವವಳು. ರಸದ ಬೆಲೆ ಶುಲ್ಕ ಸೇರಿ 360 ಎನ್ನಿ. ಇಬ್ಬರದೂ ಬಿಡಿಯಾಗಿ ಮೂರು ದಿನಕ್ಕೆ 14,040. ಒಂದೇ ಕೋಣೆಯವರೆಲ್ಲ ಕೊಳ್ಳಬೇಕೆಂಬ ಕಟ್ಟಳೆಯಿದ್ದರೆ ಇಬ್ಬರ ಪ್ಯಾಕೇಜ್ 21,600. ಗಂಡನೊಬ್ಬನ ಲೆಕ್ಕದಲ್ಲಿ ಎರಡು ಸಾವಿರ ಉಳಿಯಿತೆಂದು ಕಂಡದ್ದು, ಮನೆಯ ಲೆಕ್ಕದಲ್ಲಿ ಏಳೂವರೆ ಸಾವಿರದ ನಷ್ಟವಾಯಿತು. ಆದ್ದರಿಂದ ಲೆಕ್ಕವನ್ನು ಕೋಣೆಗೆ ಮಾಡಬೇಕು, ತಲೆಗಲ್ಲ. ಇಂಥವರ ವಿಷಯದಲ್ಲಿ ಕೆಲವು ಕಂಪನಿಗಳು ಕೇಳಿದರೆ ವಿನಾಯಿತಿ ಕೊಡುತ್ತವೆ, ಹೆಂಡತಿಗೆ ಬರೀ ತಂಪು ಪಾನೀಯದ ಅಗ್ಗದ ಪ್ಯಾಕೇಜ್ ಸಾಕೆನ್ನುತ್ತವೆ. ಕೇಳದಿದ್ದರೆ ಯಾರೂ ಹೇಳುವುದಿಲ್ಲ.

ದಿನಗಳ ಎಣಿಕೆಯಲ್ಲೂ ಒಂದು ಸೂಕ್ಷ್ಮವಿದೆ. ಹಡಗು ಹತ್ತುವುದು ಮಧ್ಯಾಹ್ನ, ಇಳಿಯುವುದು ಬೆಳಿಗ್ಗೆ. ನಡುವೆ ಹಡಗು ಬಂದರಿನಲ್ಲಿ ನಿಂತ ದಿನ ನೀವು ಊರು ನೋಡಲು ಇಳಿದು ಹೋಗಿರುತ್ತೀರಿ. ಆ ಹೊತ್ತಿನಲ್ಲಿ ಕುಡಿದ ಎಳನೀರಿಗೆ ಹಡಗಿನ ಪ್ಯಾಕೇಜ್ ಬರುವುದಿಲ್ಲ. ಹೀಗಾಗಿ ದಿನಕ್ಕೆ ಐದು ಎಂಬ ಎಣಿಕೆ, ಹಡಗಿನಲ್ಲಿ ಇರುವ ಗಂಟೆಗಳಿಗೆ ಹಂಚಿದಾಗ ಕೆಲವು ದಿನ ಏಳು ಎಂಟರಷ್ಟು ಭಾರವಾಗುತ್ತದೆ.

ಫುಲ್ ಊಟದ ಮರ್ಮ

ಇಲ್ಲಿಯವರೆಗಿನದು ಪ್ರಾಥಮಿಕ ಶಾಲೆಯ ಗಣಿತ. ಹಾಗಾದರೆ ಜನ ಏಕೆ ಎಡವುತ್ತಾರೆ? ಇದಕ್ಕೆ ನಮ್ಮ ಹೋಟೆಲುಗಳ ಫುಲ್ ಊಟವನ್ನು ನೋಡಬೇಕು. ಫುಲ್ ಊಟದಲ್ಲಿ ಅನ್ನ, ಸಾರು, ಮಜ್ಜಿಗೆ ಎಷ್ಟು ಸಲವಾದರೂ ಬಡಿಸುತ್ತಾರೆ. ಸಿಹಿ ಮಾತ್ರ ಒಂದೇ ಸಲ. ಪ್ಲೇಟ್ ಊಟ ಇದಕ್ಕಿಂತ ಅಗ್ಗ, ಆದರೆ ಅಳತೆಯದು. ಹೋಟೆಲಿನವನಿಗೆ ನಷ್ಟವಾಗುವುದಿಲ್ಲವೆ ಎಂದರೆ, ಇಲ್ಲ. ಕೂಲಿ ಮಾಡಿ ಹಸಿದು ಬಂದವನು ನಾಲ್ಕು ಸಲ ಅನ್ನ ಹಾಕಿಸಿಕೊಂಡರೆ, ಗುಮಾಸ್ತ ಒಂದೇ ಸಲಕ್ಕೆ ಏಳುತ್ತಾನೆ. ಹೋಟೆಲಿನವನು ಬೆಲೆ ಕಟ್ಟುವುದು ಇವರ ಸರಾಸರಿಗೆ. ಹೆಚ್ಚು ಬಡಿಸುವುದು ಅಗ್ಗದ ಪದಾರ್ಥವನ್ನು, ದುಬಾರಿಯದಕ್ಕೆ ಮಿತಿ. ಹಡಗಿನಲ್ಲಿ ಲೋಟದ ಬೆಲೆಗೆ ಮಿತಿ ಇಡುವುದೂ ಇದೇ ಜಾಣತನದಿಂದ.

ಇಲ್ಲಿಂದ ಒಂದು ಸಂಗತಿ ತಿಳಿಯುತ್ತದೆ. ಇಡಿಗಂಟಿನ ಬೆಲೆಯನ್ನು ಮಾರುವವನು ಸರಾಸರಿ ಗಿರಾಕಿಯನ್ನು ಕಣ್ಣ ಮುಂದಿಟ್ಟುಕೊಂಡು ಕಟ್ಟಿರುತ್ತಾನೆ, ಸರಾಸರಿಯ ಮೇಲೆ ತನ್ನ ಲಾಭವನ್ನೂ ಇಟ್ಟಿರುತ್ತಾನೆ. ಆದ್ದರಿಂದ ನಾವು ಕೇಳಿಕೊಳ್ಳಬೇಕಾದದ್ದು ಒಂದೇ: ಈ ಪಂಕ್ತಿಯಲ್ಲಿ ನಾನು ಕೂಲಿಯವನ ಹಸಿವಿನವನೋ, ಗುಮಾಸ್ತನ ಹಸಿವಿನವನೋ?

ಇದಕ್ಕೆ ಉತ್ತರ ಹೇಳುವಾಗ ನಾವು ನಮ್ಮ ಬಗ್ಗೆ ಸ್ವಲ್ಪ ಉದಾರವಾಗಿಯೇ ಯೋಚಿಸುತ್ತೇವೆ. ಕುರುಗೋಡಿನಿಂದ ಬಳ್ಳಾರಿಗೆ ದಿನವೂ ಬಂದು ಹೋಗುವ ನೌಕರರು ಬಸ್ಸಿನ ತಿಂಗಳ ಪಾಸು ತೆಗೆಯುವುದನ್ನು ನೋಡಿ. (ಶಕ್ತಿ ಯೋಜನೆ 2023ರ ಜೂನಿನಲ್ಲಿ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಈ ಚಿಂತೆ ತಪ್ಪಿತು.) ಪಾಸಿನ ಬೆಲೆ ಇಪ್ಪತ್ತು ದಿನದ ಟಿಕೆಟ್ಟಿಗೆ ಸಮವೆಂದಿಟ್ಟುಕೊಳ್ಳಿ. ತಿಂಗಳಿಗೆ ಇಪ್ಪತ್ತೈದು ದಿನ ಕೆಲಸ, ಆದ್ದರಿಂದ ಲಾಭ ಎಂದು ಪಾಸು ಮಾಡಿಸುತ್ತೇವೆ. ಹಬ್ಬ, ಮದುವೆ, ಜ್ವರ, ಜಾತ್ರೆ ಇವು ಎಣಿಕೆಗೆ ಬರುವುದೇ ಇಲ್ಲ. ಖಾನಾವಳಿಗೆ ತಿಂಗಳ ದುಡ್ಡು ಕಟ್ಟಿದ ವಿದ್ಯಾರ್ಥಿ ಶನಿವಾರ ಸಂಜೆ ಸಿರುಗುಪ್ಪದ ಬಸ್ಸು ಹತ್ತಿದರೆ ಸೋಮವಾರದವರೆಗೆ ಅವನ ರೊಟ್ಟಿ ಖಾನಾವಳಿಯವರ ಬುಟ್ಟಿಯಲ್ಲೇ ಉಳಿಯುತ್ತದೆ.

ಅಮೆರಿಕದಲ್ಲಿ ಇದನ್ನು ಅಳೆದೇ ನೋಡಿದ್ದಾರೆ. ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2006ರಲ್ಲಿ ವ್ಯಾಯಾಮಶಾಲೆಗಳ ಗಿರಾಕಿಗಳ ಕುರಿತು ಒಂದು ಅಧ್ಯಯನ ಪ್ರಕಟಿಸಿದರು. ತಿಂಗಳಿಗೆ 70 ಡಾಲರಿಗಿಂತ ಹೆಚ್ಚು ಕಟ್ಟಿದ ಸದಸ್ಯರು ವ್ಯಾಯಾಮಕ್ಕೆ ಬಂದದ್ದು ತಿಂಗಳಿಗೆ ಸರಾಸರಿ ನಾಲ್ಕು ಸಲಕ್ಕಿಂತ ತುಸು ಹೆಚ್ಚು. ಅಂದರೆ ಒಂದು ಸಲಕ್ಕೆ 17 ಡಾಲರ್ ಬಿದ್ದಂತಾಯಿತು. ಅದೇ ಶಾಲೆಯಲ್ಲಿ ಹತ್ತು ಸಲದ ಚೀಟಿ ಕೊಂಡಿದ್ದರೆ ಸಲಕ್ಕೆ 10 ಡಾಲರಿನಲ್ಲಿ ಮುಗಿಯುತ್ತಿತ್ತು. ಈ ಜನ ಲೆಕ್ಕ ಬಾರದವರಲ್ಲ. ತಾವು ಮುಂದೆ ಹೇಗೆ ನಡೆದುಕೊಳ್ಳುತ್ತೇವೆ ಎಂಬ ಊಹೆಯಲ್ಲಿ ಎಡವಿದವರು. ಹಡಗಿನ ಪ್ಯಾಕೇಜ್ ಕೊಳ್ಳುವವನ ಕಣ್ಣ ಮುಂದೆಯೂ ತನ್ನ ಅತಿ ಉತ್ಸಾಹದ ಒಂದು ಸಂಜೆ ಇರುತ್ತದೆಯೇ ಹೊರತು, ಸಮುದ್ರದ ಅಲೆಗೆ ತಲೆ ಸುತ್ತಿ ಮಲಗಿದ ಮಧ್ಯಾಹ್ನ ಇರುವುದಿಲ್ಲ.

ಗುತ್ತಿಗೆಯ ಚರಿತ್ರೆ

ಮುಂದಿನದನ್ನು ಊಹಿಸಿ ಇಡಿಗಂಟು ಒಪ್ಪಿಕೊಳ್ಳುವುದು ಎಷ್ಟು ಕಷ್ಟದ ಕೆಲಸವೆಂಬುದಕ್ಕೆ ನಮ್ಮ ಜಿಲ್ಲೆಯ ಚರಿತ್ರೆಯಲ್ಲಿಯೇ ದೊಡ್ಡ ಪಾಠವಿದೆ. ನಮ್ಮ ಹಳೆಯ ಶಾಸನಗಳಲ್ಲಿ 'ಸಿದ್ಧಾಯ' ಎಂಬ ಮಾತು ಬರುತ್ತದೆ. ನಿಗದಿಯಾದ ಕಂದಾಯ ಎಂದು ಅದರ ಅರ್ಥ. ಬೆಳೆ ಹೆಚ್ಚಲಿ, ಕಡಿಮೆಯಾಗಲಿ, ಕೊಡಬೇಕಾದದ್ದು ಮೊದಲೇ ಗೊತ್ತು. ಹನ್ನೆರಡನೆಯ ಶತಮಾನದಲ್ಲಿ ಕುರುಗೋಡಿನಿಂದ ಆಳಿದ ಸಿಂದರ ಕಾಲಕ್ಕೇ ನಮ್ಮ ನಾಡಿನಲ್ಲಿ ಈ ಬಗೆಯ ಲೆಕ್ಕ ಬಳಕೆಯಲ್ಲಿತ್ತು.

1800ರಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಇಲ್ಲಿಯ ಮುಖ್ಯ ಕಲೆಕ್ಟರನಾಗಿ 1807ರವರೆಗೆ ಇದ್ದು, ಹೊಲ ಹೊಲವನ್ನೂ ಅಳೆಯಿಸಿ, ರೈತರೊಡನೆ ನೇರವಾಗಿ ಕಂದಾಯ ಗೊತ್ತು ಮಾಡುವ ರೈತವಾರಿ ಪದ್ಧತಿಯನ್ನು ನಡೆಸಿದ. ಒಂದು ರೀತಿಯಲ್ಲಿ ಇದು ಬಿಡಿ ಲೆಕ್ಕ. ಅವನು ಹೋದ ಮೇಲೆ ಕಂಪನಿಯ ಮೇಲಧಿಕಾರಿಗಳಿಗೆ ಇಷ್ಟೆಲ್ಲ ರಗಳೆ ಏಕೆಂದು ತೋರಿತು. ಇಡೀ ಊರನ್ನು ಒಂದು ಮೊತ್ತಕ್ಕೆ ಗುತ್ತಿಗೆ ಕೊಡುವ ಪದ್ಧತಿ ಬಂತು. ಮೊದಲು ಮೂರು ವರ್ಷದ ಗುತ್ತಿಗೆ, ಆಮೇಲೆ ಹತ್ತು ವರ್ಷದ್ದು. ಒಳ್ಳೆಯ ಮಳೆಯ ವರ್ಷವನ್ನು ಮನಸ್ಸಿನಲ್ಲಿಟ್ಟುಕೊಂಡು ಮೊತ್ತ ಒಪ್ಪಿದವರಿಗೆ ಮಳೆಯಿಲ್ಲದ ವರ್ಷ ಬಂದಾಗ ಕಟ್ಟಲಾಗಲಿಲ್ಲ. ಗುತ್ತಿಗೆ ಹಿಡಿದ ಅನೇಕರು ಮನೆಮಠ ಕಳೆದುಕೊಂಡರು. ಕೊನೆಗೆ ಸರ್ಕಾರ ರೈತವಾರಿಗೇ ಹಿಂದಿರುಗಬೇಕಾಯಿತು. ಮಳೆಯ ಸೀಮೆಯಲ್ಲದ ಬಳ್ಳಾರಿಯಲ್ಲಿ ಒಳ್ಳೆಯ ವರ್ಷದ ಲೆಕ್ಕ ಹಿಡಿದು ಮಾತು ಕೊಡಬಾರದೆಂದು ಹಿರಿಯರು ಕಲಿತದ್ದು ಹೀಗೆ.

ಕುಡಿತದ ವಿಷಯದಲ್ಲೇ ಇನ್ನೊಂದು ಗುತ್ತಿಗೆಯನ್ನು ನಿಮ್ಮಲ್ಲಿ ಬಹಳ ಜನ ಕಣ್ಣಾರೆ ಕಂಡಿದ್ದೀರಿ. ಸಾರಾಯಿ ಹರಾಜು. ಸಾರಾಯಿ ಮಾರುವ ಹಕ್ಕನ್ನು ಸರ್ಕಾರ ಹರಾಜು ಹಾಕುತ್ತಿತ್ತು. ಹರಾಜು ಹಿಡಿದ ಗುತ್ತಿಗೆದಾರ ಒಪ್ಪಿಕೊಂಡ ಮೊತ್ತವನ್ನು ಕಂತಿನಲ್ಲಿ ಸರ್ಕಾರಕ್ಕೆ ಕಟ್ಟಲೇಬೇಕು. ಹತ್ತು ಜನ ಕುಡಿದರೂ ಅಷ್ಟೆ, ಸಾವಿರ ಜನ ಕುಡಿದರೂ ಅಷ್ಟೆ. ಆಗ ಅವನ ಮನಸ್ಸು ಎಲ್ಲಿರುತ್ತದೆ? ಇನ್ನಷ್ಟು ಮಾರುವುದರಲ್ಲಿ. ಓಣಿ ಓಣಿಗೆ ಸಾರಾಯಿ ತಲುಪಿದ್ದಕ್ಕೆ ಕುಡಿಯುವವರ ಚಟವೊಂದೇ ಕಾರಣವಲ್ಲ, ಗುತ್ತಿಗೆಯ ಈ ಗಣಿತವೂ ಕಾರಣ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತಿತು. ಆದರೆ ಆ ಗುತ್ತಿಗೆ ಕಲಿಸಿದ ಪಾಠವನ್ನು ಮರೆಯಬಾರದು: ಇಡಿಗಂಟು ಕೊಟ್ಟವನಿಗೆ ಪ್ರಮಾಣ ಹೆಚ್ಚಿಸುವ ಆತುರ ತಾನಾಗಿ ಹುಟ್ಟುತ್ತದೆ. ಗುತ್ತಿಗೆದಾರನಿಗೆ ಮಾರುವ ಆತುರ. ಹಡಗಿನ ಪ್ರಯಾಣಿಕನಿಗೆ ಕುಡಿಯುವ ಆತುರ.

ಕಾಲುವೆಯ ನೀರು

ಇದಕ್ಕಿಂತ ದೊಡ್ಡ ಉದಾಹರಣೆ ನಮ್ಮ ಕಣ್ಣ ಮುಂದೆಯೇ ಹರಿಯುತ್ತಿದೆ. ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಬಿದ್ದು, 1953ರಲ್ಲಿ ಕಾಲುವೆಗೆ ನೀರು ಬಂತು. ಬಲದಂಡೆಯ ಕೆಳಮಟ್ಟದ ಕಾಲುವೆ ನಮ್ಮ ಕುರುಗೋಡು, ಸಿರುಗುಪ್ಪ ಸೀಮೆಗೆ ನೀರುಣಿಸಿ ಮುಂದೆ ಆಂಧ್ರದ ಕರ್ನೂಲು ಜಿಲ್ಲೆಯ ಕಡೆಗೆ ಹೋಗುತ್ತದೆ. ಯೋಜನೆ ಮಾಡಿದವರ ಮನಸ್ಸಿನಲ್ಲಿ ಇದ್ದದ್ದು ಹೆಚ್ಚಿನ ಭೂಮಿಗೆ ಸ್ವಲ್ಪ ಸ್ವಲ್ಪ ನೀರು. ಜೋಳ, ಹತ್ತಿ, ಶೇಂಗಾದಂಥ ಅರೆ ನೀರಾವರಿ ಬೆಳೆಗೇ ಹೆಚ್ಚಿನ ಪಾಲು, ಭತ್ತಕ್ಕೆ ಕಡಿಮೆ. ನಡೆದದ್ದು ಬೇರೆ. ಕಾಲುವೆಯ ತಲೆಯ ಕಡೆ ಭತ್ತ ಹಬ್ಬಿತು. ಸಿರುಗುಪ್ಪ ಭತ್ತದ ಕಣಜವೆಂದು ಹೆಸರಾಯಿತು. ಅದರಿಂದ ಬಂದ ಸಿರಿಯನ್ನು ಅಲ್ಲಗಳೆಯುವುದು ಸಾಧ್ಯವಿಲ್ಲ. ಈ ಸೀಮೆಯ ಎಷ್ಟೋ ಮಕ್ಕಳು ಓದಿದ್ದು ಆ ಭತ್ತದ ದುಡ್ಡಿನಿಂದಲೇ.

ಆದರೆ ನೀರಿನ ಕರ ಹೇಗಿದೆ ನೋಡಿ. ಎಷ್ಟು ನೀರು ಬಳಸಿದಿರಿ ಎಂದು ಅಳೆದು ಕೇಳುವುದಿಲ್ಲ. ಎಕರೆಗೆ ಇಷ್ಟು, ಇಂಥ ಬೆಳೆಗೆ ಇಷ್ಟು. ಆ ಮೊತ್ತ ಗೊತ್ತಾದ ಮೇಲೆ ಗದ್ದೆಗೆ ನಾಲ್ಕು ಅಂಗುಲ ನೀರು ನಿಲ್ಲಿಸಿದರೂ ಒಂದೇ, ಎಂಟು ಅಂಗುಲ ನಿಲ್ಲಿಸಿದರೂ ಒಂದೇ. ರಾತ್ರಿ ತೂಬು ಮುಚ್ಚಲು ಎದ್ದು ಹೋಗುವ ಶ್ರಮವಾದರೂ ಉಳಿಯಲಿ ಎಂದು ಬಿಟ್ಟುಬಿಡುವುದು ಸಹಜ. ಹೀಗೆ ತಲೆಯಲ್ಲಿ ಹೆಚ್ಚಾದ ನೀರು ಕಾಲುವೆಯ ತುದಿಯಲ್ಲಿ ಕಡಿಮೆಯಾಗುತ್ತದೆ. ತುದಿಯ ರೈತ ಬೆಳೆ ಒಣಗುವುದನ್ನು ನೋಡುತ್ತ ಕೂರಬೇಕಾಗುತ್ತದೆ.

ಹೆಚ್ಚು ಕುಡಿದ ಭೂಮಿಯಾದರೂ ಸುಖವಾಗಿದೆಯೆ? ಅದೂ ಇಲ್ಲ. ನಮ್ಮ ಎರೆ ಭೂಮಿ ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ. ಬಸಿದು ಹೋಗಲು ದಾರಿಯಿಲ್ಲದ ನೀರು ಕೆಳಗಿನ ಉಪ್ಪನ್ನು ಮೇಲಕ್ಕೆ ತಂದು ನೆಲವನ್ನು ಸವಳು ಮಾಡುತ್ತದೆ, ಜವಳು ಮಾಡುತ್ತದೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಹೀಗೆ ಕೆಟ್ಟ ಭೂಮಿ ಬಹಳ ಇದೆ. ಅದನ್ನು ಸರಿಪಡಿಸುವ ಸಂಶೋಧನೆ ಗಂಗಾವತಿಯ ಕೇಂದ್ರದಲ್ಲಿ ವರ್ಷಗಳಿಂದ ನಡೆಯುತ್ತಿದೆ. ಇತ್ತ ಜಲಾಶಯದಲ್ಲಿ ಹೂಳು ತುಂಬಿ, ಮೊದಲು ಸುಮಾರು 133 ಟಿಎಂಸಿ ಇದ್ದ ಸಂಗ್ರಹ ಈಗ ಸುಮಾರು 105 ಟಿಎಂಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ ಹತ್ತೊಂಬತ್ತನೆಯ ಗೇಟು ಕೊಚ್ಚಿ ಹೋಗಿ ನೀರು ನದಿಯ ಪಾಲಾದಾಗ, ಮೊತ್ತ ಕಟ್ಟಿದ್ದೇವೆಂದ ಮಾತ್ರಕ್ಕೆ ನೀರಿಗೆ ಕೊನೆಯಿಲ್ಲವೆಂದಲ್ಲ ಎಂಬುದು ಎಲ್ಲರಿಗೂ ಅರಿವಾಯಿತು.

ಕಾಲುವೆಗೂ ಹಡಗಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ಎರಡು ಕಡೆಯೂ ಮುಂದಿನ ಲೋಟಕ್ಕೆ ಬೆಲೆಯಿಲ್ಲವೆಂದು ತೋರುತ್ತದೆ. ಆದರೆ ಬೆಲೆ ಇಲ್ಲದೆ ಹೋಗುವುದಿಲ್ಲ, ಬೇರೆ ಕಡೆ ಬೀಳುತ್ತದೆ. ಕಾಲುವೆಯಲ್ಲಿ ಅದು ತುದಿಯ ರೈತನ ಮೇಲೆ ಬೀಳುತ್ತದೆ, ನಮ್ಮದೇ ನೆಲದ ಮೇಲೂ ಬೀಳುತ್ತದೆ. ಹಡಗಿನಲ್ಲಿ ಅದು ನಮ್ಮ ದೇಹದ ಮೇಲೆ ಬೀಳುತ್ತದೆ. ಮದ್ಯದಲ್ಲಿ ಆರೋಗ್ಯಕ್ಕೆ ಸುರಕ್ಷಿತವೆನ್ನುವ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಮದ್ಯ ಮುಟ್ಟದವರೂ ತಂಪು ಪಾನೀಯವನ್ನು ದಿನಕ್ಕೆ ಐದಾರು ಲೋಟ ಏರಿಸಿದರೆ ಸಕ್ಕರೆ ಕಾಯಿಲೆಯವರ ಗತಿ ಏನಾದೀತೆಂದು ವೈದ್ಯರೇ ಹೇಳಬೇಕಾಗಿಲ್ಲ. ಅತಿಯಾದರೆ ಅಮೃತವೂ ವಿಷವೆಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು.

ಕೊಟ್ಟ ದುಡ್ಡು ತಿರುಗಿ ಬರುವುದಿಲ್ಲ

ಈಗ ಹಿಂದಿನ ಲೆಕ್ಕಕ್ಕೆ ಮರಳಿ, ಮನಸ್ಸು ಮಾಡುವ ಮೋಸವನ್ನು ನೋಡೋಣ. ದಿನಕ್ಕೆ ಮೂರು ಲೋಟ ಸಾಕೆನ್ನುವವರು ಪ್ಯಾಕೇಜ್ ಕೊಂಡರು. ಕಟ್ಟಿದ್ದು 10,800. ಮೊದಲ ದಿನವೇ ಅವರಿಗೆ ಕಳವಳ ಶುರುವಾಗುತ್ತದೆ: ದುಡ್ಡು ವಸೂಲಾಗಲಿಲ್ಲವಲ್ಲ! ಮೂರನ್ನು ಆರಕ್ಕೆ ಏರಿಸುತ್ತಾರೆ. ಮೂರು ದಿನವೂ ಆರು ಲೋಟ ಕುಡಿದವರು ಊರಿಗೆ ಬಂದು ಎರಡು ಸಾವಿರ ಉಳಿಸಿದೆವೆಂದು ಹೇಳಿಕೊಳ್ಳುತ್ತಾರೆ. ನಿಜವಾಗಿ ಆದದ್ದೇನು? ಅವರಿಗೆ ಬೇಕಿದ್ದುದು 6,480 ರೂಪಾಯಿಯದು. ಕೊಟ್ಟದ್ದು 10,800. ಬೇಡದ ಮೂರು ಲೋಟವನ್ನು ದಿನವೂ ಕುಡಿದದ್ದರಿಂದ 4,320 ರೂಪಾಯಿಯ ನಷ್ಟ ಹಿಂದಿರುಗಲಿಲ್ಲ. ಅದರ ಮೇಲೆ ತಲೆನೋವು ಸೇರಿತು.

ಮಕ್ಕಳು ಉಡುಗೊರೆಯಾಗಿ ಪ್ಯಾಕೇಜ್ ಕೊಡಿಸಿದಾಗ ಈ ತೊಂದರೆ ಇನ್ನೂ ಸೂಕ್ಷ್ಮವಾಗುತ್ತದೆ. ಮಗ ಅಷ್ಟು ದುಡ್ಡು ಕಟ್ಟಿದ್ದಾನೆ, ಹಾಳು ಮಾಡಬಾರದೆಂದು ತಂದೆ ತಾಯಿ ಬೇಡದ್ದನ್ನೂ ತರಿಸಿಕೊಳ್ಳುತ್ತಾರೆ. ಮಜ್ಜಿಗೆ ಕುಡಿದು ಮಲಗುವ ಜೀವಗಳು ರಾತ್ರಿ ಹತ್ತು ಗಂಟೆಗೆ ಬಣ್ಣದ ಪಾನಕದ ಮುಂದೆ ಕೂರುತ್ತವೆ. ಪ್ರೀತಿಯ ಉಡುಗೊರೆ ಹೀಗೆ ಒಂದು ಕರ್ತವ್ಯವಾಗಬಾರದು. ಕೊಡಿಸುವ ಮೊದಲು ಅವರನ್ನೇ ಕೇಳುವುದು ಒಳ್ಳೆಯದು.

ಇಷ್ಟೆಲ್ಲ ಹೇಳಿದ ಮೇಲೆ ಇಡಿಗಂಟಿನ ಪರವಾಗಿಯೂ ಒಂದು ನ್ಯಾಯವಾದ ಮಾತು ಹೇಳಬೇಕು. ನೆಮ್ಮದಿಗೂ ಒಂದು ಬೆಲೆಯಿದೆ. ಹಡಗಿನಲ್ಲಿ ಕೈಯಿಂದ ನೋಟು ಕೊಡುವುದಿಲ್ಲ. ಕೋಣೆಯ ಕಾರ್ಡು ತೋರಿಸಿದರೆ ಖರ್ಚು ಬರೆದುಕೊಳ್ಳುತ್ತಾರೆ, ಬಿಲ್ಲು ಕೊನೆಯ ದಿನ ಬರುತ್ತದೆ. ಬಿಡಿಯಾಗಿ ಕೊಡುವವರಿಗೂ ಆ ಕ್ಷಣ ಕೊಟ್ಟದ್ದು ತಿಳಿಯುವುದಿಲ್ಲ, ಕೊನೆಗೆ ಗಾಬರಿಯಾಗುತ್ತದೆ. ಪ್ರತಿ ಸಲವೂ ಬೆಲೆ ನೋಡಿ ಗಂಡ ಹೆಂಡತಿ ಮುಖ ಮುಖ ನೋಡಿಕೊಳ್ಳುವುದಾದರೆ ವಿಹಾರದ ಸುಖವೇ ಹೋಯಿತು. ಡ್ರಾಜೆನ್ ಪ್ರೆಲೆಕ್ ಮತ್ತು ಜಾರ್ಜ್ ಲೋವೆನ್‌ಸ್ಟೈನ್ ಎಂಬ ವಿದ್ವಾಂಸರು 1998ರಲ್ಲಿ ಬರೆದದ್ದೂ ಇದನ್ನೇ: ಮೊದಲೇ ದುಡ್ಡು ಕೊಟ್ಟು ಮುಗಿಸಿದ ಸುಖವನ್ನು ಮನುಷ್ಯ ಹೆಚ್ಚು ನಿರಾಳವಾಗಿ ಅನುಭವಿಸುತ್ತಾನೆ. ಖರ್ಚು ಇಷ್ಟೇ ಎಂದು ಮೊದಲೇ ಗೊತ್ತಾಗಲೆಂದು ಐನೂರೋ ಸಾವಿರವೋ ಹೆಚ್ಚು ಕೊಡುವುದು ಮೂರ್ಖತನವಲ್ಲ. ಆದರೆ ಆ ನೆಮ್ಮದಿಗೆ ಎಷ್ಟು ಕೊಡುತ್ತಿದ್ದೇವೆಂದು ತಿಳಿದು ಕೊಡಬೇಕು.

ಹಾಗಾದರೆ ಕೊಳ್ಳಬೇಕೋ ಬೇಡವೋ? ಪ್ರಯಾಣಕ್ಕೆ ಒಂದು ವಾರ ಮೊದಲು ನಿಮ್ಮ ಮನೆಯಲ್ಲೇ ಒಂದು ಚೀಟಿ ಇಡಿ. ಕಾಫಿ, ಸೋಡಾ, ರಸ, ಮದ್ಯ, ದಿನಕ್ಕೆ ಯಾರು ಎಷ್ಟು ಕುಡಿದರೆಂದು ನಿಜವನ್ನೇ ಬರೆಯಿರಿ. ರಜೆಯ ಹುಮ್ಮಸ್ಸಿಗೆ ಅದರ ಮೇಲೆ ಒಂದೋ ಎರಡೋ ಸೇರಿಸಿ, ಅದಕ್ಕಿಂತ ಹೆಚ್ಚು ಬೇಡ. ಪುಕ್ಕಟೆ ಸಿಗುವ ನೀರು, ಚಹಾ, ಕಾಫಿಯನ್ನು ಕಳೆಯಿರಿ. ಹಡಗಿನಿಂದ ಇಳಿದಿರುವ ಹೊತ್ತನ್ನು ಕಳೆಯಿರಿ. ಉಳಿದ ಲೋಟಗಳ ಬೆಲೆಯನ್ನು ಇಡೀ ಕೋಣೆಗೆ ಕೂಡಿಸಿ, ಶುಲ್ಕ ಸೇರಿದ ಪ್ಯಾಕೇಜಿನ ಬೆಲೆಯ ಪಕ್ಕದಲ್ಲಿಡಿ. ಬಿಡಿ ಲೆಕ್ಕವೇ ಹೆಚ್ಚಾದರೆ ಸಂಕೋಚವಿಲ್ಲದೆ ಪ್ಯಾಕೇಜ್ ಕೊಳ್ಳಿ. ಕಡಿಮೆಯಾದರೆ ಬಿಡಿಯಾಗಿಯೇ ಕೊಡಿ; ದಿನಕ್ಕೊಂದು ಸಲ ಹಡಗಿನ ಕಚೇರಿಯಲ್ಲಿ ಬಿಲ್ಲು ಎಷ್ಟಾಯಿತೆಂದು ಕೇಳುತ್ತಿದ್ದರೆ ಕೊನೆಯ ದಿನದ ಗಾಬರಿ ಇರುವುದಿಲ್ಲ. ನಮ್ಮ ಸೀಮೆಯಿಂದ ಹೋಗುವ ಮಧ್ಯವಯಸ್ಸಿನ ದಂಪತಿಗಳಲ್ಲಿ ಹೆಚ್ಚಿನವರಿಗೆ ಈ ಲೆಕ್ಕ ಬಿಡಿಯ ಕಡೆಗೇ ವಾಲುತ್ತದೆ ಎಂದು ನನ್ನ ಅಂದಾಜು.

ಒಂದು ವೇಳೆ ಕೊಂಡಿರೋ, ಆಮೇಲೆ ಆ ದುಡ್ಡನ್ನು ಮರೆತುಬಿಡಿ. ಬಾಯಾರಿದಾಗ ಕುಡಿಯಿರಿ, ಸಾಕೆನಿಸಿದಾಗ ನಿಲ್ಲಿಸಿ. ಸಿರುಗುಪ್ಪದ ಜಾಣ ರೈತ ಕರ ಕಟ್ಟಿದ್ದೇನೆಂದು ಗದ್ದೆಗೆ ನೀರು ಬಿಡುವುದಿಲ್ಲ. ಪೈರಿನ ಮುಖ ನೋಡಿ ಬಿಡುತ್ತಾನೆ, ಸಾಕಾದಾಗ ತೂಬು ಮುಚ್ಚಿ ಬರುತ್ತಾನೆ.